ಮನಸ್ಸು ಗಟ್ಟಿಯಾಗುವವರೆಗೆ ಕಾಯಬೇಡಿ

ಪ್ರಶ್ನೆ: ನನಗೆ 46 ವರ್ಷ. ಊರು ಕಾಪು ಹತ್ತಿರ. 17 ವರ್ಷ ದುಬೈಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಊರಿಗೆ ಬಂದು ಬೇಕರಿ ಹಾಕಿದೆ, ಎರಡೇ ವರ್ಷದಲ್ಲಿ ಮುಚ್ಚಬೇಕಾಯಿತು. ಈಗ ಉಡುಪಿಯಲ್ಲಿ ಸಂಬಂಧಿಕರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹೆಂಡತಿಯ ಚಿನ್ನ ಸೊಸೈಟಿಯಲ್ಲಿ ಅಡವಿದೆ. ಬೇರೆ ಸಾಲ ಎಷ್ಟಿದೆ ಎಂದು ಅವಳಿಗೆ ಪೂರ್ತಿ ಹೇಳಿಲ್ಲ. ಮದುವೆ, ದೈವದ ನೇಮ ಯಾವುದಕ್ಕೂ ಹೋಗುವುದಿಲ್ಲ. ಸಿಕ್ಕಿದವರೆಲ್ಲ ಕೇಳುವುದು ಒಂದೇ, "ಯಾವಾಗ ಬಂದದ್ದು, ಯಾವಾಗ ಹೋಗುವುದು?" ರಾತ್ರಿ ಎರಡು ಪೆಗ್ ಹಾಕದಿದ್ದರೆ ನಿದ್ದೆ ಬರುವುದಿಲ್ಲ. ಹಾಕಿದರೂ ಮೂರು ಗಂಟೆಗೆ ಎಚ್ಚರ. ಹೆಂಡತಿ "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಅನ್ನುತ್ತಾಳೆ. ಸ್ನೇಹಿತರು "ಮೈಂಡ್‌ಸೆಟ್ ಬದಲಾಯಿಸು" ಅನ್ನುತ್ತಾರೆ. ವಿಡಿಯೊಗಳನ್ನು ನೋಡಿ, ದಿನಾ ಕನ್ನಡಿ ಮುಂದೆ ನಿಂತು "ನಾನು ಗೆದ್ದೇ ಗೆಲ್ಲುತ್ತೇನೆ" ಅಂತ ಹೇಳಿಕೊಂಡೆ. ಇನ್ನೂ ಕೆಟ್ಟದಾಯಿತು. ಮೈಂಡ್‌ಸೆಟ್ ಬದಲಾಯಿಸುವುದು ಎಂದರೆ ನಿಜವಾಗಿ ಏನು ಮಾಡಬೇಕು? ಈ ವಯಸ್ಸಿನಲ್ಲಿ ಸಾಧ್ಯವಾ?

ಉತ್ತರ: ಕನ್ನಡಿಯ ವಿಷಯದಿಂದಲೇ ಶುರು ಮಾಡುತ್ತೇನೆ. ಅಲ್ಲಿ ನೀವು ಸೋತಿರಿ ಎಂದು ನಿಮಗೆ ಅನಿಸಿದೆ. ತಪ್ಪು ನಿಮ್ಮದಲ್ಲ, ಆ ಉಪಾಯದ್ದು. ಕೆನಡಾದ ಮನಃಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಪರೀಕ್ಷಿಸಿದರು. "ನಾನು ಪ್ರೀತಿಗೆ ತಕ್ಕವನು" ಎಂಬಂಥ ಮಾತನ್ನು ಜನರಿಂದ ಮತ್ತೆ ಮತ್ತೆ ಹೇಳಿಸಿದರು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಭಾವನೆ ಇದ್ದವರಿಗೆ ಅಲ್ಪಸ್ವಲ್ಪ ಲಾಭವಾಯಿತು. ತಮ್ಮನ್ನು ತಾವೇ ಕೀಳಾಗಿ ಕಾಣುತ್ತಿದ್ದವರಿಗೆ, ಅಂದರೆ ಆ ಮಾತು ನಿಜವಾಗಿ ಬೇಕಾಗಿದ್ದವರಿಗೆ, ಮೊದಲಿಗಿಂತ ಬೇಜಾರಾಯಿತು. ಕಾರಣ ಕಷ್ಟದ್ದೇನಲ್ಲ. ಬಾಯಿ "ಗೆಲ್ಲುತ್ತೇನೆ" ಅನ್ನುವಾಗ ಮನಸ್ಸು ಸುಮ್ನೆ ಕೂರುವುದಿಲ್ಲ. ಮುಚ್ಚಿದ ಬೇಕರಿ, ಅಡವಿಟ್ಟ ಬಳೆ, ಒಂದೊಂದೇ ಸಾಕ್ಷಿ ತಂದು ಎದುರಿಗಿಡುತ್ತದೆ. ಮೂರು ದಿನ ಅದರ ಜೊತೆ ವಾದ ಮಾಡಿದರೆ ಯಾರಿಗಾದರೂ ಸುಸ್ತಾಗುತ್ತದೆ.

ಮುಂದಿನದು ಹೇಳುವ ಮೊದಲು ಒಂದು ಕೆಲಸ ಇದೆ. ಈ ವಾರವೇ ವೈದ್ಯರನ್ನು ಕಾಣಿ. ಮುಂಜಾನೆ ಮೂರಕ್ಕೆ ಎಚ್ಚರ, ಎಲ್ಲೂ ಹೋಗಲು ಮನಸ್ಸಿಲ್ಲದಿರುವುದು, ತಾನು ಯಾವುದಕ್ಕೂ ಬೇಡದವನು ಅನಿಸುವುದು, ಇವೆಲ್ಲ ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚುಕಮ್ಮಿ ದಿನವೂ ಇದ್ದರೆ ಅದು ಖಿನ್ನತೆ ಇರಬಹುದು. ಖಿನ್ನತೆ ಮನಸ್ಸಿನ ದುರ್ಬಲತೆ ಅಲ್ಲ, ಚಿಕಿತ್ಸೆ ಇರುವ ಕಾಯಿಲೆ. ಥೈರಾಯ್ಡ್ ಕಡಿಮೆಯಾದರೂ, ಬಿ12 ಕಡಿಮೆಯಾದರೂ ಇದೇ ಥರ ಆಗುವುದುಂಟು. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ನಿಮಗೆ ಹತ್ತಿರ ಅಂದರೆ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಮಂಗಳೂರು ಕಡೆಯವರಿಗೆ ವೆನ್ಲಾಕ್ ಆಸ್ಪತ್ರೆ ಇದೆ. ಮಾತ್ರೆ ಬರೆದುಕೊಟ್ಟರೆ ಹೆದರಬೇಡಿ. ಖಿನ್ನತೆಯ ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ಬಿಡಲಾಗುವುದಿಲ್ಲ ಎಂಬ ಮಾತು ನಮ್ಮ ಕಡೆ ಬಹಳ ಓಡಾಡುತ್ತದೆ. ಅದು ನಿಜವಲ್ಲ. ಹುಷಾರಾದ ಮೇಲೂ ಕೆಲವು ತಿಂಗಳು ತೆಗೆದುಕೊಂಡು, ವೈದ್ಯರು ಹೇಳಿದ ಹಾಗೆ ನಿಧಾನಕ್ಕೆ ನಿಲ್ಲಿಸುವವರು ಬಹಳ ಮಂದಿ.

ಎರಡು ಪೆಗ್ ವಿಷಯವನ್ನೂ ವೈದ್ಯರಿಗೆ ಹೇಳಿ. ಮದ್ಯ ಬೇಗ ನಿದ್ದೆ ತರಿಸುತ್ತದೆ, ನಿಜ. ಅದರ ಪ್ರಭಾವ ಇಳಿಯುತ್ತಾ ಬಂದಾಗ ರಾತ್ರಿಯ ಎರಡನೇ ಅರ್ಧದ ನಿದ್ದೆಯನ್ನು ಕೆಡಿಸುತ್ತದೆ. ನಿಮ್ಮ ಮೂರು ಗಂಟೆಯ ಎಚ್ಚರದಲ್ಲಿ ಅದರ ಪಾಲು ಇರುವ ಸಾಧ್ಯತೆ ದೊಡ್ಡದು. ಕುಡಿಯದ ದಿನ ಬೆಳಿಗ್ಗೆ ಕೈ ನಡುಗುತ್ತದೆ, ಬೆವರುತ್ತದೆ ಅಂತಾದರೆ ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ, ವೈದ್ಯರ ಸಲಹೆಯಂತೆ ಬಿಡಿ.

ಮತ್ತೊಂದು ಮಾತು, ನೇರವಾಗಿ ಕೇಳುತ್ತೇನೆ. ಸತ್ತರೆ ಒಳ್ಳೆಯದು ಅನ್ನುವ ಯೋಚನೆ ಬರುತ್ತದೆಯಾ? ಬಂದರೆ ಮುಚ್ಚಿಡಬೇಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಇದೆ. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೂರು ಗಂಟೆಗೂ ಅಲ್ಲಿ ಫೋನ್ ಎತ್ತುವವರಿದ್ದಾರೆ.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ.

ಮೈಂಡ್‌ಸೆಟ್ ಎಂಬ ಪದ ಇಷ್ಟು ಜನಪ್ರಿಯವಾದದ್ದು ಅಮೆರಿಕದ ಮನಃಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಅವರ ಕೆಲಸದಿಂದ. ಬುದ್ಧಿ, ಸಾಮರ್ಥ್ಯ ಹುಟ್ಟಿನಿಂದ ಬಂದಷ್ಟೇ ಎಂದು ನಂಬುವ ಮಕ್ಕಳು ಸೋತಾಗ ಕೈಚೆಲ್ಲುತ್ತಾರೆ, ಬೆಳೆಸಿಕೊಳ್ಳಬಹುದು ಎಂದು ನಂಬುವವರು ಮತ್ತೆ ಪ್ರಯತ್ನಿಸುತ್ತಾರೆ ಎಂದು ಅವರು ತೋರಿಸಿದರು. ಒಳ್ಳೆಯ ಮಾತು. ಆದರೆ ವಿಡಿಯೊಗಳಲ್ಲಿ ಹೇಳುವಷ್ಟು ದೊಡ್ಡ ಪವಾಡ ಅದರಲ್ಲಿಲ್ಲ. ಅಮೆರಿಕದ ಸುಮಾರು 12,000 ಹೈಸ್ಕೂಲ್ ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬುದ್ಧಿ ಬೆಳೆಸಿಕೊಳ್ಳಬಹುದು ಎಂದು ಹೇಳಿಕೊಟ್ಟ ಮೇಲೆ ಓದಿನಲ್ಲಿ ಹಿಂದುಳಿದ ಮಕ್ಕಳ ಅಂಕ ಏರಿತು, ಆದರೆ ಸ್ವಲ್ಪವೇ. ನಂಬಿಕೆ ಬದಲಾದ ಮಾತ್ರಕ್ಕೆ ಬದುಕು ಮಗುಚಿಕೊಳ್ಳುವುದಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಒಂದು ಹಳೆಯ ಪ್ರಯೋಗ. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಮನಃಶಾಸ್ತ್ರಜ್ಞರು ನಾಯಿಗಳ ಮೇಲೆ ಮಾಡಿದ್ದು. ಇಂದು ಓದುವಾಗ ಕರುಳು ಚುರುಕ್ ಅನ್ನುತ್ತದೆ. ಏನು ಮಾಡಿದರೂ ನಿಲ್ಲದ ಕರೆಂಟ್ ಶಾಕ್ ತಿಂದ ನಾಯಿಗಳನ್ನು ಆಮೇಲೆ ಬೇರೆ ಪೆಟ್ಟಿಗೆಯಲ್ಲಿ ಬಿಟ್ಟರು. ಅಲ್ಲಿ ಒಂದು ಗಿಡ್ಡ ಅಡ್ಡಗೋಡೆ ಹಾರಿದರೆ ಸಾಕು, ಶಾಕ್ ಇಲ್ಲ. ಹೆಚ್ಚಿನವು ಹಾರಲಿಲ್ಲ. ಮಲಗಿ ನರಳಿದವು. ತಾನು ಏನು ಮಾಡಿದರೂ ಅಷ್ಟೇ ಎಂದು ಅವು ಕಲಿತುಬಿಟ್ಟಿವೆ ಎಂದು ಆಗ ವಿವರಿಸಿದರು. ಸುಮಾರು 50 ವರ್ಷದ ಬಳಿಕ, 2016ರಲ್ಲಿ, ಅದೇ ಇಬ್ಬರು ತಮ್ಮ ವಿವರಣೆಯನ್ನು ತಿರುಗಿಸಿದರು. ಮೆದುಳಿನ ಅಧ್ಯಯನ ಮಾಡಿದಾಗ ಗೊತ್ತಾದದ್ದು ಬೇರೆಯೇ. ದೀರ್ಘ ಕಷ್ಟ ಬಂದಾಗ ಕೈಕಾಲು ಬಿಡುವುದು ಯಾರೂ ಕಲಿತದ್ದಲ್ಲ, ಅದು ದೇಹದ ಸಹಜ ಪ್ರತಿಕ್ರಿಯೆ. ಕಲಿಯಬೇಕಾದದ್ದು ಇನ್ನೊಂದು: ನಾನು ಮಾಡಿದ್ದರಿಂದ ಏನೋ ಬದಲಾಗುತ್ತದೆ ಎಂಬುದು.

ಇದು ನಿಮಗೆ ಯಾಕೆ ಬೇಕು ಅಂದರೆ, ನೀವು ಮಂಕಾಗಿ ಕೂತದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳುತ್ತಿದ್ದೀರಿ. ಅದು ಸಹಜವಾಗಿ ಆದದ್ದು. ಬೈಯುವುದರಿಂದ ಹೋಗುವಂಥದ್ದಲ್ಲ.

ಆ ನಾಯಿಗಳು ಮತ್ತೆ ಹೇಗೆ ಎದ್ದವು? ಹುರಿದುಂಬಿಸಿ ಕರೆದರೂ ಬರಲಿಲ್ಲ, ಆಚೆ ಬದಿಗೆ ತಿಂಡಿ ಹಾಕಿದರೂ ಬರಲಿಲ್ಲ. ಕೊನೆಗೆ ಕುತ್ತಿಗೆಗೆ ಹಗ್ಗ ಕಟ್ಟಿ ಎಳೆದು ಆಚೆ ದಾಟಿಸಿದರು. ಒಂದು ಸಲ ಸಾಕಾಗಲಿಲ್ಲ. ಮತ್ತೆ ಮತ್ತೆ ಎಳೆದರು. ಎಳೆಯಲು ಬೇಕಾದ ಬಲ ಕಡಿಮೆಯಾಗುತ್ತಾ ಬಂದು, ಒಂದು ಹಂತದಲ್ಲಿ ತಾವಾಗಿಯೇ ಹಾರತೊಡಗಿದವು. ಕಾಲು ಮೊದಲು ದಾಟಿತು. ಧೈರ್ಯ ಹಿಂದಿನಿಂದ ಬಂತು.

ಮನುಷ್ಯರಲ್ಲೂ ಹೀಗೇ. ಮನಃಶಾಸ್ತ್ರಜ್ಞ ನೀಲ್ ಜೇಕಬ್‌ಸನ್ ಮತ್ತು ಜೊತೆಗಾರರು 1996ರಲ್ಲಿ ಖಿನ್ನತೆ ಇದ್ದವರ ಒಂದು ಗುಂಪಿಗೆ ಯೋಚನೆ ತಿದ್ದುವುದನ್ನೂ ಚಟುವಟಿಕೆಯನ್ನೂ ಸೇರಿಸಿದ ಪೂರ್ತಿ ಚಿಕಿತ್ಸೆ ಕೊಟ್ಟರು. ಇನ್ನೊಂದು ಗುಂಪಿಗೆ ಚಟುವಟಿಕೆಯ ಭಾಗ ಮಾತ್ರ. ಎರಡೂ ಗುಂಪುಗಳು ಒಂದೇ ಮಟ್ಟಿಗೆ ಚೇತರಿಸಿಕೊಂಡವು. ಹಾಗಾಗಿ ಮನಸ್ಸು ಗಟ್ಟಿಯಾದ ಮೇಲೆ ಮನೆಯಿಂದ ಹೊರಗೆ ಹೋಗುತ್ತೇನೆ ಎಂದು ಕಾಯಬೇಡಿ. ಆ ದಿನ ಹಾಗೆ ಬರುವುದಿಲ್ಲ.

ನಿಮ್ಮ ಮಟ್ಟಿಗೆ ಇದು ಹೇಗಿರಬೇಕು? ಬಹಳ ಸಣ್ಣದಾಗಿರಬೇಕು, ಮತ್ತು ಸಮಯ ನಿಗದಿಯಾಗಿರಬೇಕು. "ಇನ್ನು ದಿನಾ ವಾಕಿಂಗ್" ಬೇಡ. "ಬೆಳಿಗ್ಗೆ ಆರೂವರೆಗೆ ಚಪ್ಪಲಿ ಹಾಕಿ, ಸಮುದ್ರದ ಬದಿ ದೀಪಸ್ತಂಭದವರೆಗೆ ಹೋಗಿ ಬರುವುದು" ಬೇಕು. ದೀಪಸ್ತಂಭ ದೂರವಾದರೆ ಬಸ್‌ಸ್ಟ್ಯಾಂಡಿನವರೆಗೆ. ಮಳೆಗಾಲವಾದರೆ ಕೊಡೆ ಹಿಡಿದು. ಆ ದಿನ ಮನಸ್ಸಿಲ್ಲದಿದ್ದರೂ ಸರಿ. ಮನಸ್ಸಿಗೆ ಕೇಳಬೇಡಿ, ಕಾಲಿಗೆ ಹೇಳಿ. ಇನ್ನೊಂದು, ವಾರಕ್ಕೆ ಒಮ್ಮೆ ನಿಮ್ಮ ಕೈಗೆ ಗೊತ್ತಿರುವ ಕೆಲಸ ಮಾಡಿ. ಬೇಕರಿ ನಡೆಸಿದವರು ನೀವು. ಭಾನುವಾರ ಮನೆಯಲ್ಲೇ ಒಂದು ಟ್ರೇ ಬನ್ಸ್ ಕಾಯಿಸಿ ಪಕ್ಕದ ಮನೆಗೂ ಕೊಡಿ. ವ್ಯಾಪಾರಕ್ಕಲ್ಲ. ಹಿಟ್ಟು ಉಬ್ಬುವುದು ನೋಡಿದಾಗ ಮೈಗೆ ನೆನಪಾಗುತ್ತದೆ, ನನ್ನ ಕೈಯಿಂದ ಆಗುವುದು ಇನ್ನೂ ಇದೆ ಅಂತ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಪದದ ಬಗ್ಗೆ ಹೇಳಬೇಕು. ಈ ಊರಲ್ಲಿ ಗಂಡಸರು ನನ್ನ ಎದುರು ಕೂತಾಗ ಏನಾಗುತ್ತಿದೆ ಎಂದು ಕೇಳಿದರೆ ಬರುವ ಉತ್ತರ ಒಂದೇ, "ಎಂತ ಇಲ್ಲ, ಸ್ವಲ್ಪ ಮಂಡೆಬಿಸಿ." ಹೆದರಿಕೆಗೂ ಮಂಡೆಬಿಸಿ, ನಾಚಿಕೆಗೂ ಮಂಡೆಬಿಸಿ, ಅಪ್ಪ ತೀರಿಕೊಂಡ ದುಃಖಕ್ಕೂ ಮಂಡೆಬಿಸಿ. ಒಂದೇ ಚೀಲದಲ್ಲಿ ಎಲ್ಲವನ್ನೂ ತುಂಬಿದರೆ ಯಾವುದನ್ನು ಮೊದಲು ತೆಗೆಯಬೇಕು ಎಂದೇ ಗೊತ್ತಾಗುವುದಿಲ್ಲ. ಮ್ಯಾಥ್ಯೂ ಲೀಬರ್‌ಮನ್ ಅವರ ತಂಡ 2007ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿ ನೋಡಿತು. ಸಿಟ್ಟು, ಹೆದರಿಕೆ ತುಂಬಿದ ಮುಖಗಳ ಚಿತ್ರ ನೋಡುವಾಗ ಆ ಭಾವನೆಗೆ ಸರಿಯಾದ ಹೆಸರು ಹೇಳಿದರೆ, ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಭಾಗದ ಚಟುವಟಿಕೆ ತಗ್ಗುತ್ತಿತ್ತು.

ನಿಮ್ಮ ಪತ್ರ ಓದಿದಾಗ ನನಗೆ ಮೂರು ಬೇರೆ ಬೇರೆ ವಿಷಯ ಕಾಣಿಸಿತು. ನೆಂಟರ ಎದುರು ನಾಚಿಕೆ. ಸಾಲದ ಹೆದರಿಕೆ. ಮೂರನೆಯದನ್ನು ನೀವು ಬರೆದೇ ಇಲ್ಲ, ಅದು ದುಃಖ. 17 ವರ್ಷ ಅಂದರೆ ಸಣ್ಣದಲ್ಲ. ಅಲ್ಲಿನ ರೂಮು, ಜೊತೆಗೆ ಅಡುಗೆ ಮಾಡಿ ಉಂಡವರು, ಶುಕ್ರವಾರದ ರಜೆ, ಊರಿಗೆ ಬಂದಾಗ ಸಿಗುತ್ತಿದ್ದ ಮರ್ಯಾದೆ, ಎಲ್ಲ ಹೋಯಿತು. ಅದಕ್ಕೆ ಯಾರೂ ಬಂದು "ಬೇಸರ ಮಾಡಬೇಡಿ" ಅನ್ನಲಿಲ್ಲ. ಸಾವಿನ ಮನೆಗೆ ಹೋಗುವ ನಾವು ಇಂಥ ನಷ್ಟಕ್ಕೆ ಹೋಗುವುದಿಲ್ಲ. ನೀವೂ ಅತ್ತಿರಲಿಕ್ಕಿಲ್ಲ. ನಾಚಿಕೆಗೆ ಮದ್ದು ಜನರ ನಡುವೆ ಇದೆ. ಹೆದರಿಕೆಗೆ ಮದ್ದು ಲೆಕ್ಕದ ಪುಸ್ತಕದಲ್ಲಿದೆ. ದುಃಖಕ್ಕೆ ಸಮಯ ಬೇಕು, ಮತ್ತು ಕೇಳುವ ಒಬ್ಬರು ಬೇಕು. ಅಂದಿನ ರೂಮ್‌ಮೇಟ್ ಯಾರಾದರೂ ಊರಲ್ಲಿದ್ದರೆ ಫೋನ್ ಮಾಡಿ.

ಯೋಚನೆ ತಿದ್ದುವುದು ಬೇಡವೇ ಬೇಡ ಅಂತಲ್ಲ. 1960ರ ದಶಕದಲ್ಲಿ ಏರನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರು ಗಮನಿಸಿದರು, ಖಿನ್ನತೆ ಇರುವವರಲ್ಲಿ ಕೆಲವು ಯೋಚನೆಗಳು ಕರೆಯದೆಯೇ ಬರುತ್ತವೆ, ಅವರು ಅದನ್ನು ಪರೀಕ್ಷೆ ಮಾಡದೆ ನಂಬುತ್ತಾರೆ. ಇದನ್ನು ನಿಮಗೆ ವಿವರಿಸುವುದು ಸುಲಭ, ಯಾಕೆಂದರೆ ನೀವು ಸ್ಟೋರ್ ನೋಡಿಕೊಂಡವರು. ಪುಸ್ತಕದಲ್ಲಿ ನೂರು ಮೂಟೆ ಅಂತ ಬರೆದಿದ್ದರೆ ನೀವು ಹಾಗೇ ಸಹಿ ಹಾಕುತ್ತಿದ್ದಿರಾ? ಗೋಡೌನಿಗೆ ಹೋಗಿ ಎಣಿಸುತ್ತಿದ್ದಿರಿ. ಮನಸ್ಸು ಬರೆಯುವುದೂ ಅಂಥದ್ದೇ ಪುಸ್ತಕ. "ನಾನು ಎಲ್ಲದರಲ್ಲೂ ಸೋತೆ" ಎಂದು ಅದು ಬರೆದಿದೆ. ಹೋಗಿ ಎಣಿಸಿ. 17 ವರ್ಷ ಸ್ಟೋರಿನ ಜವಾಬ್ದಾರಿ ಹೊತ್ತಿರಿ. ಇಂದಿಗೂ ಒಬ್ಬರು ತಮ್ಮ ಅಂಗಡಿಯ ಹಣದ ಲೆಕ್ಕವನ್ನು ನಿಮ್ಮ ಕೈಗೆ ಕೊಟ್ಟಿದ್ದಾರೆ. ಬೇಕರಿ ಮುಚ್ಚಿತು, ಸರಿ, ಅದೂ ಲೆಕ್ಕದಲ್ಲಿರಲಿ. ಆದರೆ ಯಾಕೆ ಮುಚ್ಚಿತು ಎಂದೂ ಬರೆಯಿರಿ: ಬಾಡಿಗೆ ಎಷ್ಟಿತ್ತು, ಉಳಿದು ಹಾಳಾದ ಮಾಲೆಷ್ಟು, ಉದ್ರಿ ಎಷ್ಟು ಬಾಕಿ ಉಳಿಯಿತು. "ನಾನೇ ಸರಿ ಇಲ್ಲ" ಅನ್ನುವುದಕ್ಕೆ ಪರಿಹಾರ ಇಲ್ಲ. "ಉದ್ರಿ ಜಾಸ್ತಿ ಕೊಟ್ಟೆ" ಅನ್ನುವುದಕ್ಕೆ ಇದೆ. ನಿಮ್ಮದೇ ತಪ್ಪೂ ಅದರಲ್ಲಿ ಕಾಣಬಹುದು. ಕಾಣಲಿ. ತಪ್ಪು ಗೊತ್ತಾದರೆ ತಿದ್ದಬಹುದು.

ಇದನ್ನು ಕಾಗದದ ಮೇಲೆಯೇ ಮಾಡಿ. ತಲೆಯಲ್ಲಿ ಮಾಡಿದರೆ ಅದು ಮಂಡೆಬಿಸಿಯಾಗಿಯೇ ತಿರುಗುತ್ತದೆ.

ಈಗ ಆ ಪ್ರಶ್ನೆ, "ಯಾವಾಗ ಹೋಗುವುದು?" ಗಲ್ಫಿಗೆ ಹೋದವರ ಮನೆ ಇಲ್ಲದ ಬೀದಿ ಈ ಕಡೆ ಅಪರೂಪ. ಅವರನ್ನು ಕಂಡಾಗ ಜನರ ಬಾಯಿಗೆ ಬರುವ ಮೊದಲ ಮಾತೇ ಅದು. "ಊಟ ಆಯ್ತಾ?" ಅಂದ ಹಾಗೆ. ಮದುವೆ ಹಾಲ್‌ನಲ್ಲಿ ಹೆಚ್ಚಿನವರು ಉತ್ತರ ಕೇಳುವ ಮೊದಲೇ ಐಸ್‌ಕ್ರೀಮಿನ ಕಡೆ ನೋಡುತ್ತಿರುತ್ತಾರೆ. ಕೆಲವರು ಬೇಕಂತಲೇ ಚುಚ್ಚುತ್ತಾರೆ, ಅಂಥವರು ಇಲ್ಲ ಅಂತ ನಾನು ಹೇಳುವುದಿಲ್ಲ. ಇಬ್ಬರಿಗೂ ಒಂದೇ ಉತ್ತರ ತಯಾರಿಟ್ಟುಕೊಳ್ಳಿ. "ಇಲ್ಲ, ಇನ್ನು ಊರಲ್ಲೇ. ಉಡುಪಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ನಿಮ್ಮ ಮಗ ಎಲ್ಲಿದ್ದಾನೆ ಈಗ?" ಇಷ್ಟೇ. ಮನೆಯಲ್ಲಿ ಬಾಯಿಬಿಟ್ಟು ಹತ್ತು ಸಲ ಹೇಳಿ ಅಭ್ಯಾಸ ಮಾಡಿ. "ಹೀಗಾದರೆ ಹೀಗೆ ಮಾಡುತ್ತೇನೆ" ಎಂದು ಮೊದಲೇ ನಿಶ್ಚಯ ಮಾಡಿಕೊಂಡವರು ಆ ಹೊತ್ತಿಗೆ ತಡವರಿಸುವುದು ಕಡಿಮೆ ಎಂದು ಪೀಟರ್ ಗೊಲ್ವಿಟ್ಜರ್ ಎಂಬ ಮನಃಶಾಸ್ತ್ರಜ್ಞರು ತೋರಿಸಿದ್ದಾರೆ.

ಮೊದಲಿಗೆ ದೊಡ್ಡ ಮದುವೆ ಹಾಲ್ ಬೇಡ. ಕುಟುಂಬದ ಮನೆಯ ನೇಮಕ್ಕೆ ಹೋಗಿ, ಅರ್ಧ ಗಂಟೆ. ಅಲ್ಲಿ ಎಲ್ಲರ ಕಣ್ಣು ದೈವದ ಮೇಲಿರುತ್ತದೆ, ನಿಮ್ಮ ಮೇಲಲ್ಲ. ನಿಮಗೆ ನಂಬಿಕೆ ಇದ್ದರೆ ದೈವದ ಎದುರು ನಿಂತು ನಿಮ್ಮ ಕಷ್ಟ ಹೇಳಿಕೊಳ್ಳಿ. ಹೇಳಿಕೊಂಡದ್ದಕ್ಕೆ ಅಭಯದ ಮಾತು ಕೇಳಿದಾಗ ಎದೆ ಹಗುರಾಗುವುದನ್ನು ನಾನು ಎಷ್ಟೋ ಜನರಲ್ಲಿ ನೋಡಿದ್ದೇನೆ. ವೈದ್ಯರ ಬಳಿ ಹೋಗುವುದಕ್ಕೂ ಇದಕ್ಕೂ ಜಗಳವಿಲ್ಲ. ಎರಡೂ ಮಾಡಬಹುದು.

ಮೂರು ಗಂಟೆಗೆ ಎಚ್ಚರವಾದಾಗ ಹಾಸಿಗೆಯಲ್ಲಿ ಹೊರಳಾಡಬೇಡಿ. ಇಪ್ಪತ್ತು ನಿಮಿಷ ಆಯಿತು ಅನಿಸಿದರೆ ಎದ್ದು ಜಗಲಿಗೆ ಬನ್ನಿ, ದೊಡ್ಡ ಲೈಟ್ ಹಾಕಬೇಡಿ, ಮೊಬೈಲ್ ಮುಟ್ಟಬೇಡಿ. ಬಂದ ಚಿಂತೆಯನ್ನು ಒಂದು ಸಾಲು ಬರೆದಿಡಿ. ಅದಕ್ಕೆ ಸಂಜೆ ಆರರಿಂದ ಆರೂವರೆ ಎಂದು ಸಮಯ ಕೊಡಿ. ಆ ಹೊತ್ತಿಗೆ ಕೂತು ನಿಜವಾಗಿಯೂ ಚಿಂತೆ ಮಾಡಿ. ಕಣ್ಣು ಎಳೆಯತೊಡಗಿದ ಮೇಲಷ್ಟೇ ಮತ್ತೆ ಮಲಗಿ. ಬೆಳಿಗ್ಗೆ ಏಳುವ ಸಮಯ ಮಾತ್ರ ದಿನವೂ ಒಂದೇ ಇರಲಿ.

ಕೊನೆಗೆ ನಿಮ್ಮ ಹೆಂಡತಿಯ ವಿಷಯ. ಸಾಲ ಎಷ್ಟಿದೆ ಎಂದು ಅವರಿಗೆ ಪೂರ್ತಿ ಹೇಳಿಲ್ಲ ಎಂಬುದನ್ನು ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದಿರಿ. ನನ್ನ ಪ್ರಕಾರ ಗಂಟು ಇರುವುದೇ ಅಲ್ಲಿ.

ಪೆಸಿಫಿಕ್ ಸಮುದ್ರದಲ್ಲಿ ಕವಾಯಿ ಎಂಬ ದ್ವೀಪ ಇದೆ. ಅಲ್ಲಿನ ಬೆಟ್ಟಕ್ಕೆ ನಮ್ಮ ಆಗುಂಬೆಯನ್ನೂ ಮೀರಿಸುವ ಮಳೆ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಜೊತೆಗಾರರು ನಡುವಯಸ್ಸಿನವರೆಗೂ ಗಮನಿಸಿದರು. ಬಡತನ, ಮನೆಯಲ್ಲಿ ಕುಡಿತ, ಜಗಳ ಇದ್ದ ಮಕ್ಕಳಲ್ಲೂ ಮೂರರಲ್ಲೊಂದು ಪಾಲು ಚೆನ್ನಾಗಿ ಬೆಳೆದರು. ಅವರ ಬದುಕಿನಲ್ಲಿ ಎದ್ದು ಕಂಡದ್ದು, ಏನೇ ಆದರೂ ಕೈಬಿಡದ ಒಬ್ಬರಾದರೂ ಹಿರಿಯರು ಇದ್ದರು. ಅಜ್ಜಿಯೋ, ಚಿಕ್ಕಮ್ಮನೋ, ಟೀಚರೋ. ಹದಿಹರೆಯದಲ್ಲಿ ದಾರಿ ತಪ್ಪಿದ್ದ ಉಳಿದವರಲ್ಲೂ ಹೆಚ್ಚಿನವರು ಮೂವತ್ತು, ನಲವತ್ತು ದಾಟುವ ಹೊತ್ತಿಗೆ ಸರಿದಾರಿಗೆ ಬಂದಿದ್ದರು. ಒಳ್ಳೆಯ ಸಂಗಾತಿ, ಮತ್ತೆ ಓದು, ತಮ್ಮವರು ಅನ್ನುವ ಒಂದು ಗುಂಪು, ಇಂಥದ್ದು ಸಿಕ್ಕಿತ್ತು. ಈ ವಯಸ್ಸಿನಲ್ಲಿ ಸಾಧ್ಯವಾ ಎಂದು ಕೇಳಿದಿರಲ್ಲ, ಸಾಧ್ಯ.

ಆ ಒಬ್ಬರು ನಿಮ್ಮ ಮನೆಯಲ್ಲೇ ಇದ್ದಾರೆ. ನೀವು ಅವರಿಂದ ಲೆಕ್ಕ ಮುಚ್ಚಿಟ್ಟಿರುವುದರಿಂದ ಅವರ ಹತ್ತಿರ ಹೋಗಲಾಗುತ್ತಿಲ್ಲ. ಸಾಲವನ್ನು ಯಾವ ಮೈಂಡ್‌ಸೆಟ್ಟೂ ತೀರಿಸುವುದಿಲ್ಲ. ಒಂದು ಹಾಳೆಯಲ್ಲಿ ಬರೆಯಿರಿ: ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಕೊಡಬೇಕಾದ ದಿನ ಯಾವುದು. ಲೆಕ್ಕ ಬರೆಯುವುದು ನಿಮ್ಮ ದಿನನಿತ್ಯದ ಕೆಲಸ, ಈ ಒಂದು ಲೆಕ್ಕ ಮಾತ್ರ ಬಾಕಿ ಇದೆ. ಅಡವಿನ ಅವಧಿ ಮುಗಿಯುವ ಮೊದಲೇ ಸೊಸೈಟಿಗೆ ಹೋಗಿ, ಬಡ್ಡಿ ಕಟ್ಟಿ ನವೀಕರಣ ಆಗುತ್ತದಾ ಎಂದು ಕೇಳಿ. ಆಮೇಲೆ ಮನೆ ಶಾಂತವಾಗಿರುವ ಹೊತ್ತಿಗೆ, ಕುಡಿಯದ ದಿನ, ಹಾಳೆಯನ್ನು ಹೆಂಡತಿಯ ಮುಂದಿಡಿ. "ಇದನ್ನು ನಿನಗೆ ಹೇಳಲು ಹೆದರಿದ್ದೆ" ಎಂದು ಶುರು ಮಾಡಿ. ಸಿಟ್ಟು ಬರಬಹುದು, ಅಳಬಹುದು. ಅವರ ಚಿನ್ನ ಅದು, ಸಿಟ್ಟು ಬರುವುದು ನ್ಯಾಯವೇ. ಸಮಜಾಯಿಷಿ ಕೊಡಲು ಹೋಗಬೇಡಿ, ಕೂತು ಕೇಳಿ. "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎಂದು ಅವರು ಹೇಳುತ್ತಿರುವುದು ಎಷ್ಟು ಭಾರ ಇದೆ ಎಂದು ಗೊತ್ತಿಲ್ಲದೆ. ಗೊತ್ತಾದರೆ ಬೇರೆ ಮಾತು ಹೇಳುತ್ತಾರೆ ಅಂತ ನನ್ನ ನಂಬಿಕೆ.

ಇದೆಲ್ಲ ಎಷ್ಟು ದಿನ? ಫಿಲಿಪಾ ಲ್ಯಾಲಿ ಅವರ ಲಂಡನ್ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಡಲಿಲ್ಲ. ನೀವೂ ತಪ್ಪುತ್ತೀರಿ. ಮರುದಿನ ಆರೂವರೆಗೆ ಚಪ್ಪಲಿ ಹಾಕಿದರೆ ಆಯಿತು. ವೈದ್ಯರನ್ನು ಕಂಡ ಮೇಲೆ, ಹಾಳೆ ತೋರಿಸಿದ ಮೇಲೆ, ಎರಡು ತಿಂಗಳು ಬಿಟ್ಟು ಮತ್ತೆ ನನಗೆ ಬರೆಯಿರಿ. ಎಷ್ಟು ಗಂಟೆಗೆ ಎಚ್ಚರವಾಗುತ್ತಿದೆ ಎಂದು ಮೊದಲ ಸಾಲಿನಲ್ಲೇ ತಿಳಿಸಿ.